ಟೋಕನ್ ಕೊಡ್ರೀ ಅಕ್ಕಾರ

ಮೈಮೇಲೆ ದೇವರು ಬರುವುದು, ಒಬ್ಬರ ಬಾಯಲ್ಲಿ ಇನ್ನೊಬ್ಬರು ಮಾತಾಡುವುದು, ಇಂಥದ್ದನ್ನೆಲ್ಲ ನಾನು ಒಂದು ಕಾಲಕ್ಕೂ ನಂಬಿದವಳಲ್ಲ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ಲೈನ್ ಸೂಪರ್‌ವೈಸರ್ ಆಗಿದ್ದೆ. ನನ್ನ ಕಣ್ಣೆದುರೇ ನಾಲ್ಕೈದು ಹುಡುಗಿಯರ ಮೈಮೇಲೆ ದೇವರು ಬಂದದ್ದುಂಟು. ಹೊಲಿಯುತ್ತಿದ್ದವಳು ಇದ್ದಕ್ಕಿದ್ದಂತೆ ಜಡೆ ಬಿಚ್ಚಿಕೊಂಡು ತೂಗಾಡತೊಡಗಿದರೆ ಅಕ್ಕಪಕ್ಕದವರು ಕೈಮುಗಿದು ನಿಲ್ಲುತ್ತಿದ್ದರು. ನಾನು ಒಂದು ಲೋಟ ನಿಂಬೆಹಣ್ಣಿನ ಪಾನಕ ಕುಡಿಸಿ ಮತ್ತೆ ಮಿಷನ್ ಮುಂದೆ ಕೂರಿಸುತ್ತಿದ್ದೆ. "ನಿಮ್ ದೇವ್ರಿಗೆ ಶಿಪ್‌ಮೆಂಟ್ ದಿನಾನೇ ಬೇಕಾಯ್ತಾ?" ಎಂದು ಕೇಳಿದ್ದೂ ಉಂಟು. ಊಟದ ಹೊತ್ತಿನಲ್ಲಿ ಅದನ್ನೇ ಹೇಳಿಕೊಂಡು ನಗುತ್ತಿದ್ದೆವು.

ಅಂಥವಳು ಈಗ ಇದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ, ನಾನೇ ಪೂರ್ತಿ ನಂಬಿದ್ದೇನೋ ಇಲ್ಲವೋ ಗೊತ್ತಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಬೇಕು, ನನ್ನ ಮಾನ ಹೋಗುವ ಭಾಗವನ್ನಂತೂ ಬಿಡಬಾರದು ಅಂದುಕೊಂಡಿದ್ದೇನೆ, ಅಷ್ಟೇ.

ಪೀಣ್ಯದ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ವರ್ಷಗಳು ಅವು. ನಾನೂ ಅಮ್ಮನೂ ಬಾಗಲಗುಂಟೆಯಲ್ಲಿದ್ದೆವು. ನನ್ನ ತಮ್ಮ ಮಂಜು ವೈಟ್‌ಫೀಲ್ಡಿನ ಒಂದು ಟೆಕ್ ಪಾರ್ಕಿನಲ್ಲಿ ಜನರೇಟರ್ ನೋಡಿಕೊಳ್ಳುವ ಕೆಲಸದಲ್ಲಿದ್ದ. ಅಲ್ಲೇ ಒಳಗಡೆ, ಹಳೇ ಊರಿನ ಗೌಡರೊಬ್ಬರ ಮನೆಯ ಕೆಳಗಿನ ಭಾಗವನ್ನು ಬಾಡಿಗೆಗೆ ಹಿಡಿದಿದ್ದ. ಅವನ ಹೆಂಡತಿ ಸುಮ ಕೋಲಾರದ ಕಡೆಯವಳು, ಮನೆಯಲ್ಲಿ ತೆಲುಗು ಮಾತಾಡುವವರು. ಅಲ್ಲೊಂದು ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಹೇಳಿಕೊಡುತ್ತಿದ್ದಳು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡಿದ್ದರಿಂದ ಹೆರಿಗೆಗೆ ಹೋಗಲು ಅವಳಿಗೆ ತವರು ಎನ್ನುವುದು ಇರಲಿಲ್ಲ.

ಐದು ತಿಂಗಳಾದಾಗ ಅವಳು, ಹೆರಿಗೆ ಮನೆಯಲ್ಲೇ ಮಾಡಿಕೊಳ್ಳುತ್ತೇನೆ, ಸೂಲಗಿತ್ತಿಯರನ್ನು ಗೊತ್ತು ಮಾಡಿಯಾಗಿದೆ ಎಂದಳು. ಅವಳ ಶಾಲೆಯ ಟೀಚರೊಬ್ಬರು ಹಾಗೆ ಮಾಡಿಕೊಂಡಿದ್ದರಂತೆ. ನಾನು ಕುಣಿದಾಡಿಬಿಟ್ಟೆ. "ನಮ್ಮಮ್ಮ ನನ್ನನ್ನ ಮನೇಲಿ ಹೆತ್ತಿದ್ದು ಆಸ್ಪತ್ರೆ ದೂರ ಇತ್ತು ಅಂತ ಕಣೆ, ಶೋಕಿಗಲ್ಲ" ಎಂದೆ. ಸುಮ ಸಿಟ್ಟಾಗಲಿಲ್ಲ. ಅವಳ ಗೆಳತಿಯೊಬ್ಬಳಿಗೆ ಹೆರಿಗೆ ಮಾಡಿಸುವಾಗ ತೊಡೆಗೆ ಹೊಡೆದಿದ್ದರಂತೆ, 'ಕಿರುಚ್ಬೇಡ, ಮುಕ್ಕು' ಎಂದು ಬೈದಿದ್ದರಂತೆ. "ಆ ಹೊತ್ತಲ್ಲಿ ನನ್ನ ಯಾರೂ ಬೈಬಾರ್ದು ಅಕ್ಕ. ನಂಗೆ ಬೇರೇನೂ ಬೇಡ" ಎಂದಳು. ಆಮೇಲೆ, ಅಮ್ಮನ ಜಾಗದಲ್ಲಿ ನೀವು ಇರಬೇಕು ಎಂದೂ ಸೇರಿಸಿದಳು. ದಿನಕ್ಕೆ ಹತ್ತು ಸಲ ಬೈಯುವುದನ್ನೇ ಕೆಲಸ ಮಾಡಿಕೊಂಡವಳಿಗೆ ಅವಳು ಹಾಗಂದದ್ದು. ನಾನು ಹ್ಞೂಂ ಎಂದೆ.

ಬಂದ ಸೂಲಗಿತ್ತಿಯರು ನಾನು ಅಂದುಕೊಂಡಂತೆ ಇರಲಿಲ್ಲ. ಹಿರಿಯವರು ಲಿಲ್ಲಿಯಮ್ಮ, ಇಪ್ಪತ್ತು ವರ್ಷ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಜೊತೆಗೆ ಶಾಲಿನಿ ಎನ್ನುವ ಹುಡುಗಿ, ಅವರ ಕೈಕೆಳಗೆ ಪಳಗಿದವಳು. ಸ್ಕ್ಯಾನಿಂಗ್ ಎಲ್ಲ ಡಾಕ್ಟರಿಗೆ ತೋರಿಸಿರಬೇಕು, ಆಸ್ಪತ್ರೆಯಲ್ಲಿ ಮೊದಲೇ ಹೆಸರು ಬರೆಸಿರಬೇಕು, ಬಾಗಿಲಲ್ಲಿ ಕಾರು ನಿಂತಿರಬೇಕು ಎಂದು ಕಟ್ಟುನಿಟ್ಟು ಮಾಡಿದ್ದರು. "ನಾನು ಹೊರಡಿ ಅಂದ್ರೆ ಹೊರಡ್ಬೇಕು, ಯಾಕೆ ಏನು ಅಂತ ಕೇಳೋ ಹಾಗಿಲ್ಲ" ಎಂದು ಲಿಲ್ಲಿಯಮ್ಮ ಹೇಳಿದಾಗ ನನಗೆ ಅವರ ಮೇಲೆ ಗೌರವ ಬಂತು. ಸೂಪರ್‌ವೈಸರ್ ಅಂದರೆ ಹೀಗಿರಬೇಕು ಅನ್ನಿಸಿತು.

ಅವರು ನನಗೂ ಪಾಠ ಮಾಡಿದರು. ನೋವು ಬಂದಾಗ ಸೊಂಟದ ಎರಡೂ ಕಡೆ ಅಂಗೈ ಇಟ್ಟು ಹೇಗೆ ಒತ್ತಬೇಕು, ಯಾವಾಗ ಮುಟ್ಟಬಾರದು ಎಂದು ತೋರಿಸಿದರು. "ದನಿ ತಗ್ಗಿಸಿ ಮಾತಾಡಿ. 'ಇನ್ನೂ ಎಷ್ಟೊತ್ತು' ಅಂತ ಕೇಳ್ಬೇಡಿ. ಆ ವಾಚ್ ಬಿಚ್ಚಿಟ್ಬಿಡಿ" ಎಂದರು. ಗಂಟೆಗೆ ಎಷ್ಟು ಪೀಸ್ ಎಂದು ಬದುಕಿದವಳಿಗೆ ವಾಚ್ ಇಲ್ಲದ ಕೈ ಯಾರದೋ ಕೈ ಅನ್ನಿಸುತ್ತಿತ್ತು.

ಸುಮಳ ದಿನ ತುಂಬುವಾಗ ನಾನು ರಜೆ ಹಾಕಿ ಅಮ್ಮನ ಜೊತೆ ವೈಟ್‌ಫೀಲ್ಡಿಗೆ ಬಂದೆ. ಮೂರನೇ ದಿನ ಬೆಳಗಿನ ಜಾವ ನೋವು ಶುರುವಾಯಿತು. ಲಿಲ್ಲಿಯಮ್ಮನವರು ಆರೂವರೆಗೆ ಬಂದರು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಸುಮ ಎರಡು ಇಡ್ಲಿ ತಿಂದಳು, ನಡುಮನೆಯಲ್ಲಿ ಓಡಾಡಿದಳು, ನೋವು ಬಂದಾಗ ಬಾಗಿಲ ಚೌಕಟ್ಟು ಹಿಡಿದು ನಿಂತು ನನ್ನನ್ನು ಕರೆಯುತ್ತಿದ್ದಳು. ನಾನು ಹೋಗಿ ಸೊಂಟ ಒತ್ತುತ್ತಿದ್ದೆ. ಅಮ್ಮ ಯಾರೂ ಕೇಳದಿದ್ದರೂ ಮನೆಯ ಪಾತ್ರೆಗಳಿಗೆಲ್ಲ ನೀರು ತುಂಬಿ ಕಾಯಿಸುತ್ತಲೇ ಇದ್ದಳು. ಲಿಲ್ಲಿಯಮ್ಮ ಆಗಾಗ ಮಗುವಿನ ಎದೆಬಡಿತ ಕೇಳಿ, ಸರಿಯಿದೆ ಎನ್ನುತ್ತಿದ್ದರು. ಮನೆಯಲ್ಲಿ ಹೆದರಿಕೆಗಿಂತ ಹಬ್ಬದ ಸಡಗರವೇ ಹೆಚ್ಚಾಗಿತ್ತು ಎಂದರೆ ಸುಳ್ಳಲ್ಲ.

ಹನ್ನೆರಡರ ಹೊತ್ತಿಗೆ ನೋವು ಬಿಡುವಿಲ್ಲದೆ ಬರತೊಡಗಿತು. ಸುಮ ನೆಲದ ಹಾಸಿಗೆಯ ಮೇಲೆ ಮಂಡಿಯೂರಿ, ಮಂಚಕ್ಕೆ ತಲೆ ಆನಿಸಿಕೊಂಡಿದ್ದಳು. ನಾನು ಅವಳ ಹಿಂದೆ ಕೂತಿದ್ದೆ. ಇನ್ನೇನು ಹತ್ತಿರ ಬಂತು ಎಂದು ಲಿಲ್ಲಿಯಮ್ಮ ಸನ್ನೆ ಮಾಡಿದರು. ಆಗ ಸುಮ ತಲೆಯೆತ್ತಿ ನನ್ನ ಕಡೆ ತಿರುಗಿದಳು. ಎಡಗೈಯನ್ನು ಹೊಟ್ಟೆಯ ಕೆಳಗೆ ಆನಿಸಿಕೊಂಡು ಬಲಗೈಯನ್ನು ನನ್ನ ಮುಂದೆ ಚಾಚಿದಳು.

"ಟೋಕನ್ ಕೊಡ್ರೀ ಅಕ್ಕಾರ. ಹತ್ತ ನಿಮಿಷದಾಗ ಬಂದಬಿಡ್ತೀನ್ರಿ. ಹೊಟ್ಟಿ ಬಾಳ ಬಿಗ್ಯಾಕತ್ತೈತ್ರಿ."

ಗಂಟಲು ಸುಮಳದೇ. ಆದರೆ ಆ ಮಾತು ಅವಳದಲ್ಲ. ಕೋಲಾರದ ಹುಡುಗಿ, ನನ್ನನ್ನು ಬಾಯಿತುಂಬ 'ಅಕ್ಕ' ಎಂದು ಕರೆಯುವವಳು, ಉತ್ತರ ಕರ್ನಾಟಕದ ಮಾತನ್ನು ಅಷ್ಟು ಚೊಕ್ಕವಾಗಿ ಆಡಿದಳು. ಅಮ್ಮ, ಶಾಲಿನಿ ಮುಖ ಮುಖ ನೋಡಿಕೊಂಡರು. ನನಗೊಬ್ಬಳಿಗೇ ಆ ಮಾತು ಗೊತ್ತಿತ್ತು. ಅದನ್ನು ನಾನು ಆಗಲೇ ಒಮ್ಮೆ ಕೇಳಿದ್ದೆ, ನಾಲ್ಕು ವರ್ಷದ ಹಿಂದೆ.

ಟೋಕನ್ ಎಂದರೆ ಏನು ಎಂದು ಹೇಳಬೇಕು. ನಮ್ಮ ಫ್ಯಾಕ್ಟರಿಯಲ್ಲಿ ಒಂದೊಂದು ಲೈನಿಗೆ ಒಂದೊಂದು ಮರದ ಬಿಲ್ಲೆ ಇರುತ್ತಿತ್ತು. ಬಚ್ಚಲಿಗೆ ಹೋಗಬೇಕಾದವಳು ಸೂಪರ್‌ವೈಸರ್ ಹತ್ತಿರ ಅದನ್ನು ಕೇಳಿ ತೆಗೆದುಕೊಂಡು ಹೋಗಬೇಕು. ಅವಳು ಬಂದು ವಾಪಸ್ ಕೊಡುವವರೆಗೆ ಇನ್ನೊಬ್ಬಳು ಏಳುವಂತಿಲ್ಲ. ನನ್ನ ಲೈನಿನಲ್ಲಿ ನಲವತ್ತು ಜನ. ಫೋನಿನಲ್ಲಿ ಮಾತಾಡಲೆಂದೇ ಬಿಲ್ಲೆ ಕೇಳುವವರೂ ಇದ್ದರು, ಹಾಗಾಗಿ ನಾನು ಅದನ್ನು ಮೇಜಿನ ಮೇಲೆ ಇಡದೆ ಏಪ್ರನ್ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಹಾಗೆ ಇಟ್ಟುಕೊಳ್ಳಲು ನನಗೆ ಯಾರೂ ಹೇಳಿರಲಿಲ್ಲ. ಅದು ನನ್ನದೇ ಜಾಣತನ.

ಆ ಹುಡುಗಿ ನಮ್ಮಲ್ಲಿ ಕಾಲರ್ ಹೊಲಿಯುತ್ತಿದ್ದಳು. ಕಾಲರಿಗೆ ಇಬ್ಬರಿದ್ದರು, ಇವಳು ಎರಡನೆಯವಳು. 'ಏ ಕಾಲರ್ ಎರಡು' ಎಂದೇ ನಾನು ಕರೆಯುತ್ತಿದ್ದದ್ದು. ಬಸುರಿ ಎಂದು ಗೊತ್ತಿತ್ತು, ಐದು ತಿಂಗಳಿರಬಹುದು. ಶಿಪ್‌ಮೆಂಟಿನ ಹಿಂದಿನ ದಿನ ಮಧ್ಯಾಹ್ನ ಎದ್ದು ಬಂದು, ಎಡಗೈ ಹೊಟ್ಟೆಯ ಕೆಳಗೆ ಇಟ್ಟುಕೊಂಡು, ಬಲಗೈ ಚಾಚಿ, ಮೇಲೆ ಬರೆದ ಮಾತನ್ನೇ ಆಡಿದಳು. ಬಿಲ್ಲೆ ನನ್ನ ಜೇಬಿನಲ್ಲೇ ಇತ್ತು, ಯಾರೂ ತೆಗೆದುಕೊಂಡು ಹೋಗಿರಲಿಲ್ಲ. ಅವಳ ಬಂಡಲ್, ಅಂದರೆ ಹೊಲಿಯಲು ಕಟ್ಟಿಕೊಟ್ಟ ಕಾಲರುಗಳ ಕಂತೆ, ಅರ್ಧ ಉಳಿದಿತ್ತು. ಆ ಬಂಡಲ್ ಮುಗಿಯದೆ ಮುಂದಿನ ಆರು ಜನ ಕೈಕಟ್ಟಿ ಕೂರಬೇಕಿತ್ತು. "ಈ ಬಂಡಲ್ ಮುಗ್ಸು, ಆಮೇಲೆ ನೋಡಣ" ಎಂದೆ. ಅವಳು ಎರಡನೇ ಸಲ ಕೇಳಲಿಲ್ಲ. ಹೋಗಿ ಕೂತು ಮುಕ್ಕಾಲು ಗಂಟೆಯ ಹತ್ತಿರ ಹೊಲಿದು ಬಂಡಲ್ ಮುಗಿಸಿದಳು. ಎದ್ದಾಗ ಕುರ್ಚಿಯ ಮೇಲೆ ರಕ್ತ ಇತ್ತು. ಇಬ್ಬರು ಹುಡುಗಿಯರು ಹಿಡಿದುಕೊಂಡು ಹೋದರು. ಮಗು ನಿಲ್ಲಲಿಲ್ಲ ಎಂದು ಮರುದಿನ ಯಾರೋ ಹೇಳಿದರು. ಅವಳು ಮತ್ತೆ ಕೆಲಸಕ್ಕೆ ಬರಲಿಲ್ಲ. ನಾನು ವಿಚಾರಿಸಲೂ ಇಲ್ಲ, ಮನೆಯಲ್ಲಿ ಯಾರಿಗೂ ಇದನ್ನು ಹೇಳಲೂ ಇಲ್ಲ. ಕುರ್ಚಿಯನ್ನು ತೊಳೆಸಿ ಇನ್ನೊಬ್ಬಳನ್ನು ಕೂರಿಸಿದೆ.

ಈಗ ಸುಮಳ ಕೈ ನನ್ನ ಮುಂದೆ ಹಾಗೇ ಚಾಚಿತ್ತು. ಇಲ್ಲಿಗೆ ಬಂದರೆ ಇವತ್ತಿಗೂ ನನ್ನ ಪೆನ್ನು ನಿಲ್ಲುತ್ತದೆ. ನಾನು ಬೆಚ್ಚಿದೆ, ಕಣ್ಣೀರು ಹಾಕಿದೆ ಎಂದೆಲ್ಲ ಬರೆಯಬಹುದಿತ್ತು. ಹಾಗಾಗಲಿಲ್ಲ. ಯೋಚನೆ ಬರುವ ಮೊದಲೇ, ಹತ್ತು ವರ್ಷ ಅದನ್ನೇ ಆಡಿ ಆಡಿ ಸವೆದ ನನ್ನ ಬಾಯಿ ತಾನಾಗಿ ಉತ್ತರ ಕೊಟ್ಟುಬಿಟ್ಟಿತು.

"ಈ ಬಂಡಲ್ ಮುಗ್ಸು, ಆಮೇಲೆ ನೋಡಣ."

ಗಟ್ಟಿಯಾಗಿಯೇ ಅಂದೆ, ಫ್ಯಾಕ್ಟರಿಯ ದನಿಯಲ್ಲಿ. ಕೋಣೆಯಲ್ಲಿ ಎಲ್ಲರೂ ಕೇಳಿಸಿಕೊಂಡರು. ಸುಮಳ ಮುಖ ಬಾಡಿತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ಅಲ್ಲಿಗೆ ನೋವು ನಿಂತಿತು.

ಹೆರಿಗೆ ನೋವು ಕೆಲವೊಮ್ಮೆ ನಡುವೆ ಬಿಡುವು ಕೊಡುತ್ತದೆ, ಹೆದರಬೇಡಿ ಎಂದು ಲಿಲ್ಲಿಯಮ್ಮ ಮಂಜುವಿಗೆ ಹೇಳಿದರು. ಅರ್ಧ ಗಂಟೆ ಕಳೆಯಿತು, ಒಂದು ಗಂಟೆ ಕಳೆಯಿತು. ಸುಮ ನೀರು ಕೊಟ್ಟರೆ ಕುಡಿಯುತ್ತಿದ್ದಳು, ಮಾತಾಡುತ್ತಿರಲಿಲ್ಲ. ಒಂದೊಂದು ಸಲ ತಿರುಗಿ ನನ್ನನ್ನು ನೋಡಿ ಕೈ ಚಾಚುವಳು, ನಾನು ಸುಮ್ಮನಿದ್ದರೆ ಮತ್ತೆ ಹಿಂದಕ್ಕೆ ಎಳೆದುಕೊಳ್ಳುವಳು. ಲಿಲ್ಲಿಯಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ಏನದು ಟೋಕನ್ನು?" ಎಂದು ಕೇಳಿದರು. "ಗೊತ್ತಿಲ್ಲ ಮೇಡಂ, ಏನೋ ಬಡಬಡಿಸ್ತಿದಾಳೆ" ಎಂದೆ. "ನೀವು ಉತ್ತರ ಕೊಟ್ರಲ್ಲ?" ಎಂದರು. ನಾನು ಕಾದ ನೀರಿನ ಪಾತ್ರೆಯ ಮುಚ್ಚಳ ಸರಿ ಮಾಡುತ್ತಾ ನಿಂತೆ.

ಅವರು ಮತ್ತೆ ಎದೆಬಡಿತ ಕೇಳಿದರು. ಮಗು ಚೆನ್ನಾಗಿದೆ, ಆದರೂ ಎರಡೂವರೆಯವರೆಗೆ ನೋಡಿ ಆಸ್ಪತ್ರೆಗೆ ಹೊರಟುಬಿಡೋಣ ಎಂದರು. ಮಂಜು ಕಾರಿನ ಬೀಗದ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತ. ಬಿಡು, ಆಸ್ಪತ್ರೆಗೆ ಹೋದರೆ ಈ ಕಾಟ ತಪ್ಪುತ್ತದೆ ಎಂದು ಒಂದು ಗಳಿಗೆ ನನಗೆ ಸಮಾಧಾನವೇ ಆಯಿತು. ಅವಳು ಬೇಡ ಬೇಡ ಎಂದದ್ದೇ ಆಗಲಿ, ನಾನು ಬಾಯಿ ಬಿಡುವುದು ತಪ್ಪಿದರೆ ಸಾಕು ಎಂದು ಯೋಚಿಸಿದೆ. ಒಂದು ಸಣ್ಣ ಮಾತು ಆಡಿದ್ದರೆ ಮುಗಿಯುತ್ತಿತ್ತು. ಅದನ್ನು ಆಡಿದರೆ, ಆವತ್ತು ಬಿಲ್ಲೆ ನನ್ನ ಜೇಬಿನಲ್ಲೇ ಇತ್ತು ಎಂದು ಒಪ್ಪಿಕೊಂಡಂತೆ ಆಗುತ್ತಿತ್ತು. ಅದಕ್ಕಾಗಿ ನನ್ನ ತಮ್ಮನ ಹೆಂಡತಿಯನ್ನು ಎರಡು ಗಂಟೆ ಹೊತ್ತು ಹಾಗೇ ಇಟ್ಟೆ.

ಕೊನೆಗೆ ಲಿಲ್ಲಿಯಮ್ಮ ನನ್ನ ಭುಜದ ಮೇಲೆ ಕೈಯಿಟ್ಟು, "ಅವಳು ಏನು ಕೇಳ್ತಿದಾಳೋ ನಂಗೆ ಬೇಡಮ್ಮ. ನಿಮ್ಮನ್ನೇ ಕೇಳ್ತಿದಾಳೆ. ಹೆರೋ ಹೆಂಗಸಿಗೆ ಇಲ್ಲ ಅನ್ಬಾರ್ದು" ಎಂದರು. ಬಾಗಿಲಲ್ಲಿದ್ದ ಮಂಜು, "ಅಕ್ಕಾ, ನಿನ್ ಕಾಲ್ ಹಿಡೀತೀನಿ, ಏನಾದ್ರೂ ಹೇಳೇ" ಎಂದು ಅತ್ತುಬಿಟ್ಟ. ನಾನು ಎತ್ತಿ ಆಡಿಸಿದ ಹುಡುಗ.

ನಾನು ಹೋಗಿ ಸುಮಳ ಮುಂದೆ ಮಂಡಿಯೂರಿದೆ. ಅವಳು ಕೈ ಚಾಚಿದಳು. ಕೊಡಲು ಏನೂ ಇರಲಿಲ್ಲ, ನನ್ನ ಬರಿಗೈಯನ್ನೇ ಅವಳ ಅಂಗೈಯಲ್ಲಿ ಇಟ್ಟೆ. "ಹೋಗ್ಬಾ ತಾಯಿ. ಎಷ್ಟೊತ್ತಾದ್ರೂ ಆಗ್ಲಿ. ನಿನ್ ಮಿಷನ್ ನಾನು ನೋಡ್ಕೋತೀನಿ" ಎಂದೆ. ಎಲ್ಲರೆದುರು ಅಂದೆ. ಅವಳು ನನ್ನ ಮುಖ ನೋಡಿ ಕೇಳಿದಳು.

"ಬಂದ ಮ್ಯಾಲೆ ಬೈಯಂಗಿಲ್ಲ ಹೌದಲ್ರಿ?"

"ಬೈಯಲ್ಲ" ಎಂದೆ.

ಅವಳ ಬೆರಳುಗಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದವು. ಮರುನಿಮಿಷವೇ ನೋವು ತಿರುಗಿ ಬಂತು. ಆಮೇಲೆ ನಡೆದದ್ದೆಲ್ಲ ಲಿಲ್ಲಿಯಮ್ಮನವರಿಗೆ ಗೊತ್ತಿದ್ದ ಕೆಲಸ. ಮೂರು ಗಂಟೆಯ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು, ಹುಟ್ಟಿದ ಕೂಡಲೇ ಮನೆ ಹಾರಿಹೋಗುವ ಹಾಗೆ ಅತ್ತಿತು. ಅಮ್ಮ ಕಾಯಿಸಿಟ್ಟ ನೀರಿಗೆ ಆಗ ಕೆಲಸ ಸಿಕ್ಕಿತು.

ಸಂಜೆ ಸುಮ ಮಗುವನ್ನು ಎದೆಗವಚಿಕೊಂಡು ಮಲಗಿದ್ದಾಗ ನಿಧಾನವಾಗಿ ಕೇಳಿ ನೋಡಿದೆ. ಟೋಕನ್ ಎಂದದ್ದಾಗಲಿ, ಕೈ ಚಾಚಿದ್ದಾಗಲಿ ಅವಳಿಗೆ ಒಂದೂ ನೆನಪಿರಲಿಲ್ಲ. "ಎಲ್ಲೋ ಸಿಕ್ಕಾಕೊಂಡ ಹಾಗಿತ್ತು ಅಕ್ಕ. ನೀವು ಏನೋ ಹೇಳಿದ್ರಿ, ಬಿಟ್ಬಿಟ್ರು ಅನ್ನಿಸ್ತು" ಎಂದಳು. ಹೊರಡುವಾಗ ಲಿಲ್ಲಿಯಮ್ಮ ನನ್ನ ಕೈ ಹಿಡಿದು, ನಿಮ್ಮಂಥವರು ಪಕ್ಕದಲ್ಲಿದ್ದರೆ ನಮ್ಮ ಕೆಲಸ ಅರ್ಧ ಹಗುರ ಎಂದರು. ಮಂಜು ಎಲ್ಲರಿಗೂ ಫೋನ್ ಮಾಡಿ, ಅಕ್ಕ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ ಎಂದು ಹೇಳುತ್ತಿದ್ದ. ನಾನು ಕಾಫಿ ಕುಡಿಯುತ್ತಾ ಆ ಹೊಗಳಿಕೆಯನ್ನೆಲ್ಲ ಕೇಳಿಸಿಕೊಂಡು ಕೂತೆ. ಒಂದು ಸಲವೂ ತಡೆಯಲಿಲ್ಲ.

ಬಾಣಂತಿಯನ್ನು ನೋಡಲು ಲಿಲ್ಲಿಯಮ್ಮ ಮತ್ತೆ ಬಂದಾಗ ಅವರನ್ನು ಕೇಳಿದೆ. ಐದು ತಿಂಗಳ ಬಸುರಿ ಮುಕ್ಕಾಲು ಗಂಟೆ ಎದ್ದೇಳದೆ ಕೂತರೆ ಮಗು ಹೋಗುತ್ತದೆಯೇ ಎಂದು. ಅಷ್ಟಕ್ಕೇ ಹೋಗುವುದಿಲ್ಲ, ಆಗುವುದಿದ್ದರೆ ಮೊದಲೇ ಶುರುವಾಗಿರುತ್ತದೆ ಎಂದರು. "ಯಾರಿಗಮ್ಮ ಆಗಿದ್ದು?" ಎಂದೂ ಕೇಳಿದರು. ಪರಿಚಯದವರಿಗೆ ಎಂದು ಸುಳ್ಳು ಹೇಳಿದೆ. ಆ ಉತ್ತರವನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ. ಅದು ಡಾಕ್ಟರಿಗೆ ಸಾಕಾದೀತು. ನಾನು ಅವಳ ಮುಖ ನೋಡಿದ್ದೆ, ಅವಳಿಗೆ ನೋವಿದೆ ಎಂದು ನನಗೆ ಗೊತ್ತಿತ್ತು, ಆದರೂ ಜೇಬಿಗೆ ಕೈ ಹಾಕಲಿಲ್ಲ.

ರಜೆ ಮುಗಿದ ಮೇಲೆ ಫ್ಯಾಕ್ಟರಿಯಲ್ಲಿ ಹುಡುಕಿದೆ. ನನ್ನ ಪುಸ್ತಕದಲ್ಲಿ 'ಕಾಲರ್ 2' ಎಂದಷ್ಟೇ ಇತ್ತು. ಹಳಬಳೊಬ್ಬಳು ಅವಳ ಹೆಸರು ಶಾಂತವ್ವ ಎಂದಳು, ಇನ್ನೊಬ್ಬಳು ಅಲ್ಲ, ಸಾವಂತ್ರವ್ವ ಎಂದಳು. ಅವಳು ಇದ್ದ ಕೋಣೆ ಬಾಗಲಗುಂಟೆಯಲ್ಲಿ ನಮ್ಮ ಮನೆಯಿಂದ ಎರಡೇ ರಸ್ತೆ ಆಚೆ. ದಿನಾ ಒಂದೇ ಹಾದಿಯಲ್ಲಿ ನಡೆದಿರಬೇಕು. ಅಲ್ಲಿ ಬೇರೆಯವರಿದ್ದರು. ಗಂಡನ ಜೊತೆ ಊರ ಕಡೆ ಹೋದರಂತೆ, ಯಾವ ಊರೋ ಅವರಿಗೂ ಗೊತ್ತಿರಲಿಲ್ಲ. ಆಮೇಲೆ ಒಂದು ವರ್ಷದೊಳಗೆ ನಾನು ಆ ಕೆಲಸ ಬಿಟ್ಟೆ. ದೊಡ್ಡ ಪಶ್ಚಾತ್ತಾಪ ಎಂದು ಹೇಳಿಕೊಳ್ಳುವುದಿಲ್ಲ. ಕೈ ಚಾಚಿ ನಿಂತವರ ಎದುರು ನನಗೆ ಮಾತು ಹೊರಡುತ್ತಿರಲಿಲ್ಲ, ಅಂಥವಳು ಸೂಪರ್‌ವೈಸರ್ ಆಗಿರಲು ಬರುವುದಿಲ್ಲ.

ಸುಮಳ ಬಾಯಲ್ಲಿ ಆ ಮಾತು ಹೇಗೆ ಬಂತು? ಶಾಲೆಯ ಹತ್ತಿರದ ಕಟ್ಟಡ ಕೆಲಸದವರಿಂದ ಆ ಭಾಷೆ ಕಿವಿಗೆ ಬಿದ್ದಿರಬಹುದು ಎಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ನಾನು ನಿದ್ದೆಗಣ್ಣಲ್ಲಿ ಬಡಬಡಿಸಿ ಅವಳು ಕೇಳಿಸಿಕೊಂಡಿರಬಹುದು ಎಂದೂ ಯೋಚಿಸಿದ್ದೇನೆ. ಎಡಗೈ ಇಟ್ಟುಕೊಂಡ ರೀತಿಗೆ ಇದು ಯಾವುದೂ ಉತ್ತರವಲ್ಲ. ಇನ್ನು ಆ ಕೊನೆಯ ಪ್ರಶ್ನೆ, ಬಂದ ಮೇಲೆ ಬೈಯುವುದಿಲ್ಲ ತಾನೇ ಎನ್ನುವುದು. ಅದನ್ನು ಆ ಹುಡುಗಿ ಆವತ್ತು ಕೇಳಿರಲಿಲ್ಲ. ಕೇಳಿದ್ದಳೋ ಏನೋ, ನಾನು ಆಗಲೇ ಮುಂದಿನ ಮಿಷನ್ನಿಗೆ ಹೋಗಿದ್ದಿರಬಹುದು. ಇಷ್ಟು ವರ್ಷ ಯೋಚಿಸಿದರೂ ಅದು ನನಗೆ ಬಗೆಹರಿದಿಲ್ಲ.

ಮೂರನೇ ತಿಂಗಳಲ್ಲಿ ನಾಮಕರಣ ಮಾಡಿದರು. ನಮ್ಮಲ್ಲಿ ಮಗುವಿನ ಕಿವಿಯಲ್ಲಿ ಮೂರು ಸಲ ಹೆಸರು ಹೇಳುವವಳು ಸೋದರತ್ತೆ. ತೊಟ್ಟಿಲ ಪಕ್ಕ ನನ್ನನ್ನೇ ಕೂರಿಸಿದರು. ಮಗುವಿನ ಕಿವಿ ಒಂದು ಅವರೆಕಾಳಿನ ಗಾತ್ರದ ಬೆಚ್ಚಗಿನ ತುಣುಕು. ಬಗ್ಗಿ, ಅವರು ಇಟ್ಟ ಹೆಸರನ್ನು ಎರಡು ಸಲ ಹೇಳಿದೆ. ಮೂರನೇ ಸಲ ಹೆಸರು ಬರಲಿಲ್ಲ. "ತಪ್ಪಾಯ್ತು ಕಣವ್ವ" ಎಂದೆ. ಮಗು ನನ್ನ ಕೆನ್ನೆಗೆ ತಲೆ ತಾಗಿಸಿತು. ಹೆಂಗಸರು ಆರತಿ ಹಾಡು ಎತ್ತಿಕೊಂಡರು, ಯಾರಿಗೂ ಕೇಳಿಸಲಿಲ್ಲ.

ಪಕ್ಕದಲ್ಲಿ ಕೂತಿದ್ದ ಸುಮ ನನ್ನ ಕಡೆ ಬಾಗಿ, "ಮೂರು ಸಲಾನೂ ಹೇಳಿದ್ರಾ ಅಕ್ಕ?" ಎಂದು ಕೇಳಿದಳು.

ಹೇಳಿದೆ ಎಂದೆ.